ಹಗಲು ಹೊತ್ತಿನ ಕಂದೀಲು

“ಪೇಢೆ ತಗೋರಿ ಬಾಯಾರ. ಹುಡುಗ ಚಿತ್ರದ ಪರೀಕ್ಷಾದಾಗ ನೂರಕ್ಕ ತೊಂಬತ್ತೊಂದ ತಗದಾನ. ಮೊದಲ ಬಾಯಿ ಸಿಹಿ ಮಾಡ್ಕೋರಿ, ಆಮ್ಯಾಲ ನಿಮ್ಮ ತಪಾಸ.”

ಬೈಲಹೊಂಗಲದ ಹತ್ತಿ ವ್ಯಾಪಾರಿ ಬಸವಲಿಂಗ ಬೆಳ್ಳಿಯ ತಟ್ಟೆಯನ್ನು ಮುಂದಕ್ಕೆ ತಳ್ಳಿದ. ಪದ್ಮಜಾ ತಟ್ಟೆಯನ್ನು ನೋಡಿದಳು, ಅದನ್ನು ಹಿಡಿದ ಬೆರಳಿನ ಉಂಗುರಗಳನ್ನು ನೋಡಿದಳು, ತನ್ನ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು.

ಪೊಲೀಸ್ ಖಾತೆಯಿಂದ ಇನ್ಸ್‌ಪೆಕ್ಟರಾಗಿ ನಿವೃತ್ತಳಾದ ಈ ಹೆಂಗಸು ಕಳ್ಳರ ಜೊತೆ ಚಹಾ ಕುಡಿದದ್ದುಂಟು, ಕೊಲೆಗಾರನ ಎದುರು ಕೂತು ಅವಲಕ್ಕಿ ತಿಂದದ್ದೂ ಉಂಟು. ಅವರಿಗೆಲ್ಲ ಹಸಿವೋ ಸಿಟ್ಟೋ ಏನೋ ಒಂದು ನೆಪವಿರುತ್ತಿತ್ತು. ಹೊಟ್ಟೆ ತುಂಬಿದವರು ಮಕ್ಕಳ ತಟ್ಟೆಗೆ ಕೈ ಹಾಕುವುದನ್ನು ಕಂಡರೆ ಮಾತ್ರ ಆಕೆಗೆ ಹೇಸಿಗೆ ಬರುತ್ತಿತ್ತು. ಈ ಮನೆಯ ಮೆಟ್ಟಿಲು ಹತ್ತಿದಾಗಿನಿಂದ ಅದೇ ಹೇಸಿಗೆ.

ನೆಟ್ಟಗೆ ಒಂದು ಗೆರೆ ಎಳೆಯಲು ಬಾರದ, ಬಸವಲಿಂಗನ ಮಗ ಮಧುವಿಗೆ ತೊಂಬತ್ತೊಂದು ಬಂದದ್ದು ಹೇಗೆ, ಅದು ನನ್ನದೇ ಚಿತ್ರ ಇರಬೇಕು ಎಂದು ಅವನ ಜೊತೆ ಚಿತ್ರಕಲೆ ಕಲಿತ ದೇಗಾಂವದ ಶೀತಲ ಅಳುತ್ತ ಸವದತ್ತಿಗೆ ಬಂದು ಪದ್ಮಜಾಳ ಬಾಗಿಲು ತಟ್ಟಿ ವಾರವಾಗಿತ್ತು.

ಆರ್ಕಿಟೆಕ್ಚರ್ ಕಾಲೇಜಿನ ಲೆಕ್ಕ ಸರಳ. ಪಿಯುಸಿ ಅಂಕ ಅರ್ಧ, ಪ್ರವೇಶ ಪರೀಕ್ಷೆಯ ಅಂಕ ಅರ್ಧ. ಪಿಯುಸಿಯಲ್ಲಿ ತೇಕುತ್ತ ದಡ ಸೇರಿದ ಮಧು ಚಿತ್ರದ ಬಲದಿಂದ ಯಾದಿಯ ನೆತ್ತಿಗೇರಿದ್ದ. ಪಿಯುಸಿಯಲ್ಲಿ ಮೊದಲಿಗಳಾದ ಶೀತಲ ಚಿತ್ರದ ಕಡಿಮೆ ಅಂಕದಿಂದ ಕೆಳಗೆ ಜಾರಿದ್ದಳು. ಸೋಮವಾರ ಬೆಂಗಳೂರಿನಲ್ಲಿ ಸೀಟು ಹಂಚಿಕೆ. ಅಷ್ಟರೊಳಗೆ ಪುರಾವೆ ತಂದರೆ ಸರಿ, ಇಲ್ಲದಿದ್ದರೆ ಆಕೆಯ ಸೀಟು ಹೋದಂತೆಯೇ ಎಂದು ಪರೀಕ್ಷಾ ಮಂಡಳಿಯ ಅಧಿಕಾರಿ ಖಡಾಖಂಡಿತ ಹೇಳಿದ್ದರು. ಮಧುವಿನ ಹೆಸರಿನಲ್ಲಿದ್ದ ಚಿತ್ರದ ನಕಲೊಂದನ್ನು ಅವರೇ ಕಳಿಸಿದ್ದರು. ಅದು ಕೈಸೇರಿದ್ದು ನಿನ್ನೆ. ಇವತ್ತು ಶನಿವಾರ.

ಪದ್ಮಜಾ ಪೇಢೆಯ ತಟ್ಟೆಯನ್ನು ಬದಿಗೆ ಸರಿಸಿ ಅಲ್ಲಿ ಆ ನಕಲನ್ನು ಹರಡಿದಳು.

“ಮಧು, ಬಾರಪಾ ಇಲ್ಲೆ. ಈ ಚಿತ್ರ ನೀನ ತಗದದ್ದೇನು?”

ಎಣ್ಣೆ ಹಚ್ಚಿ ಕೂದಲು ನಿಲ್ಲಿಸಿಕೊಂಡಿದ್ದ ಹುಡುಗ ಉತ್ತರ ಕೊಡುವ ಮೊದಲು ಮೂಲೆಯ ಕುರ್ಚಿಯತ್ತ ನೋಡಿದ. ಅಲ್ಲಿ ಕೃಷ್ಣಾಜಿ ಮಾಸ್ತರರು ಕೂತಿದ್ದರು. ಊರಿನಲ್ಲಿ ಚಿತ್ರಕಲೆಯ ಕ್ಲಾಸು ನಡೆಸುವವರು, ಹಣೆಗೆ ಗಂಧ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಚೂಪು ಮಾಡಿದ ಪೆನ್ಸಿಲು. ಪರೀಕ್ಷೆಯ ದಿನ ಆ ಕೋಣೆಯ ಮೇಲ್ವಿಚಾರಕರೂ ಅವರೇ. ಹಾಲಿನ ಕಾವಲಿಗೆ ಬೆಕ್ಕನ್ನು ಕೂಡಿಸಿದ್ದರು.

“ಹೂಂನ್ರಿ. ನಾನ ತಗದದ್ದು,” ಎಂದ ಮಧು.

“ನಿಮ್ಮ ಮನಿ ಅಂಗಳ ನೆನಪಿನಿಂದ ತಗೀರಿ, ಮಧ್ಯಾಹ್ನದ ಬೆಳಕು ನೆರಳು ಕಾಣಸಬೇಕು ಅಂತಿತ್ತು ಪ್ರಶ್ನಿ. ಇಲ್ಲೆ ನೋಡಿದರ ನಿಮ್ಮ ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸ್ಯಾರ. ಚಿತ್ರದಾಗ ಮಣ್ಣಿನ ಅಂಗಳ, ಕಲ್ಲಿನ ಕಂಬ. ಹೆಂಗಪಾ ಇದು?”

ಕೃಷ್ಣಾಜಿ ಮೆಲ್ಲಗೆ ನಕ್ಕರು. “ಬಾಯಾರ, ಕಲಾ ಅಂದ್ರ ಫೋಟೋ ಅಲ್ಲರೀ. ಹುಡುಗ ಅಜ್ಜನ ಹಳೇ ಮನಿ ನೆನಸ್ಯಾನ. ಅದನ್ನ ಗುರ್ತಿಸಿನ ಅಷ್ಟು ಅಂಕ ಕೊಟ್ಟಾರ. ಮನಷ್ಯಾ ಸುಳ್ಳು ಹೇಳಬಹುದು, ಅಂಕ ಸುಳ್ಳು ಹೇಳೂದಿಲ್ಲ.”

“ನಾ ಹುಡುಗನ್ನ ಕೇಳೀನ್ರಿ ಸರ್.”

ಪದ್ಮಜಾ ಚಿತ್ರದ ನಡುವೆ ಬೆರಳಿಟ್ಟಳು. ಅಂಗಳದ ನೆಲದಲ್ಲಿ ದುಂಡನೆಯ ಬಾಯಿ, ಪಕ್ಕದಲ್ಲಿ ಸರಿಸಿಟ್ಟ ಹಾಸುಗಲ್ಲು. ಹೆಂಗಸೊಬ್ಬಳು ತುಸು ಹಿಂದಕ್ಕೆ ವಾಲಿ ನಿಂತು ಹಗ್ಗವನ್ನು ಒಳಗೆ ಬಿಡುತ್ತಿದ್ದಾಳೆ. ದೂರದ ಕಟ್ಟೆಯ ಮೇಲೆ ಕೂತ ಮುದುಕ ರುಮಾಲಿನ ಚುಂಗಿನಿಂದ ಮೂಗು ಮುಚ್ಚಿಕೊಂಡಿದ್ದಾನೆ.

“ಇದೇನು?”

“ಬಾವಿರಿ.”

“ಈಕಿ ಏನ ಮಾಡ್ಲಿಕ್ಕೆ ಹತ್ಯಾಳ?”

“ನೀರ ಸೇದಾಕ ಹತ್ಯಾಳ್ರಿ.”

“ಹಗ್ಗದ ತುದಿಗೆ ಕೊಡ ಎಲ್ಲೆ ಅದ? ಚಂದಂಗೆ ನೋಡು.”

ಹುಡುಗ ಬಗ್ಗಿ ನೋಡಿದ. ತಾನೇ ಬರೆದೆನೆಂದು ಹೇಳಿಕೊಂಡ ಚಿತ್ರವನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. “ಕೊಡ... ಕೊಡ ಅಲ್ಲರಿ. ಕಂದೀಲ ಐತಿ.”

“ನೆತ್ತಿ ಮ್ಯಾಲ ಸೂರ್ಯಾ ಇದ್ದಾನ. ನೆರಳೆಲ್ಲಾ ಕಾಲ ಬುಡಕ ಬಿದ್ದದ. ಹಗಲ ಹೊತ್ತಿನ್ಯಾಗ ಬಾವಿಗೆ ಕಂದೀಲ ಯಾಕಪಾ?”

“ಒಳಗ ಕೊಡ ಬಿದ್ದಿರಬೇಕ್ರಿ. ಹುಡುಕಾಕ.”

“ಮುತ್ತ್ಯಾ ಮೂಗ ಯಾಕ ಮುಚ್ಚಿಕೊಂಡಾನ?”

“ನೀರ... ನಾರತಿರಬೇಕ್ರಿ.”

ಕೃಷ್ಣಾಜಿ ಏನೋ ಹೇಳಲು ಎದ್ದರು. ಅವರಿಗಿಂತ ಮೊದಲು ಬಸವಲಿಂಗನ ಸಹನೆ ಹರಿಯಿತು. ಮಗ ಪರೀಕ್ಷೆಯಲ್ಲಿ ಮೋಸ ಮಾಡಿದ್ದು ಅವನಿಗೆ ನಾಚಿಕೆಯ ಮಾತಾಗಿರಲಿಲ್ಲ. ಮನೆತನದ ಮಾನ ಹೋಗುವಂಥ ಮಾತನ್ನು ಪರ ಹೆಂಗಸಿನ ಎದುರು ಮಗ ಆಡಿದ್ದನ್ನು ಮಾತ್ರ ಅವನು ತಾಳಲಾರದೆ ಹೋದ.

“ಬಾವಿ ಅಂತ, ಬಾವಿ! ಹಗೇವಲೇ ಅದು, ಹಗೇವು! ನೆಲದಾಗಿನ ಕಾಳಿನ ಕಣಜ! ನಿಮ್ಮ ಮುತ್ತ್ಯಾ ಅದರಾಗ ಜ್ವಾಳಾ ತುಂಬಿ ತುಂಬಿ ಈ ಮನಿ ಎಬ್ಬಿಸಿದಾಂವ! ಮುಚ್ಚಿದ ಹಗೇವಿನ್ಯಾಗ ಕೆಟ್ಟ ಗಾಳಿ ಕುಂತಿರತೈತಿ. ಬಾಯಿ ತಗದು, ದೂರ ನಿಂತು, ಮೊದಲ ಕಂದೀಲ ಇಳಸತಾರ. ದೀಪ ಆರಿತಂದ್ರ ಇಳದಾಂವ ಹೆಣಾನ! ಕಾಳಿನ ಮನಿತನದಾಗ ಹುಟ್ಟಿ ಹಗೇವಿಗೆ ಬಾವಿ ಅಂತಿಯೇನಲೇ?”

ಮಾತು ಮುಗಿದ ಮೇಲೆ ಅವನಿಗೆ ತಾನು ಆಡಿದ್ದೇನೆಂದು ಹೊಳೆಯಿತು.

“ಚಿತ್ರ ಮಗ ತಗದದ್ದಂತ, ಅದರ ಅರ್ಥ ಅಪ್ಪಗಷ್ಟ ಗೊತ್ತು,” ಎಂದಳು ಪದ್ಮಜಾ. “ಭಾಳ ಛಲೋ ಮನಿತನ ಬಸವಲಿಂಗಪ್ಪಾರ. ಸೋಮವಾರ ಮಂಡಳಿಯವರ ಮುಂದ ಇದನ್ನ ಇನ್ನೊಮ್ಮೆ ಹೇಳ್ರಿ.”

ಬಸವಲಿಂಗ ತಟ್ಟೆಯಿಂದ ಒಂದು ಪೇಢೆಯನ್ನೆತ್ತಿ, ಏನು ಮಾಡಬೇಕೆಂದು ತಿಳಿಯದೆ, ತಾನೇ ಬಾಯಿಗೆ ಹಾಕಿಕೊಂಡ. ಪದ್ಮಜಾ ಕೃಷ್ಣಾಜಿಯ ಕಡೆ ತಿರುಗಿದಳು.

“ಉತ್ತರಪತ್ರಿಕಿ ಮೂಲ್ಯಾಗಿನ ನಂಬರಿನ ಚೀಟಿ ಕಿತ್ತಿ ಬ್ಯಾರೇದು ಹಚ್ಚ್ಯಾರ ಅಂತ ಮಂಡಳಿಯವರಿಗೂ ಸಂಶಯ ಅದ. ಆ ಕೋಣ್ಯಾಗ ಅದನ್ನ ಮಾಡುವಷ್ಟು ಪುರಸೊತ್ತು ಇದ್ದದ್ದು ನಿಮಗೊಬ್ಬರಿಗೇನ. ಯಾರ ಚಿತ್ರ ಸರ್ ಇದು?”

ಕೃಷ್ಣಾಜಿ ಚಿತ್ರವನ್ನು ನೋಡಿದರು. ಕಂದೀಲಿನ ಮೇಲೆ ಅವರ ಕಣ್ಣು ಬಹಳ ಹೊತ್ತು ನಿಂತಿತು. ಆಮೇಲೆ, ಪದ್ಮಜಾ ಎಣಿಸಿಯೇ ಇರದ ಹಾಗೆ, ಅವರು ಎರಡೂ ಕೈ ಜೋಡಿಸಿಬಿಟ್ಟರು.

“ಶೀತಲಂದರೀ. ಚೀಟಿ ಬದಲಾಯಿಸಿದ್ದು ಖರೇ. ಬುದ್ಧಿ ಕೆಟ್ಟಿತ್ತು. ನಾನ ಸ್ವತಃ ಮಂಡಳಿ ಮುಂದ ಒಪ್ಪಿಕೋತೀನಿ. ಆ ಹುಡುಗಿಗೆ ಸೀಟು ಸಿಗಲಿ. ಇದನ್ನ ಇಲ್ಲಿಗೇ ಮುಗಸ್ರಿ ಬಾಯಾರ, ಮುಂದ ಕೆದಕಬ್ಯಾಡ್ರಿ.”

“ಶೀತಲಂದಲ್ಲಲ್ಲರೀ ಸರ್,” ಎಂದ ಮಧು ಗಲಿಬಿಲಿಯಿಂದ. “ನೀವ ಅವತ್ತ—”

ಮಾಸ್ತರರ ಕೈ ಹುಡುಗನ ಹೆಗಲಿಗೆ ಬಂತು. “ಸುಮ್ಮನಿರು ಮಧು. ಇನ್ನ ಸುಳ್ಳು ಸಾಕು.”

ಹುಡುಗ ಸುಮ್ಮನಾದ. ಮಾಸ್ತರರ ಕಣ್ಣಲ್ಲಿ ನೀರಿತ್ತು. ಮಕ್ಕಳ ಬೆವರನ್ನು ಮಾರಿಕೊಂಡು ತಿಂದವನು ಎದುರಿಗೆ ನಿಂತು ಅಳುವುದನ್ನು ನೋಡುವುದಕ್ಕಿಂತ ಹೊರಗೆ ಹೋಗಿ ಬಿಸಿಲಲ್ಲಿ ನಿಲ್ಲುವುದೇ ವಾಸಿ ಎನಿಸಿ ಪದ್ಮಜಾ ಎದ್ದುಬಿಟ್ಟಳು.

ಆದರೂ ಗೇಟು ದಾಟುವಾಗ ಒಂದು ಮಾತು ಚಪ್ಪಲಿಯೊಳಗಿನ ಹರಳಿನ ಹಾಗೆ ಚುಚ್ಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಬೇಕಾದಷ್ಟು ಜನ. ಕಾಯನ್ನು ತಾನೇ ಹೊತ್ತು ತಂದು ಕಾಲಬುಡದಲ್ಲಿ ಇಡುವ ಕಳ್ಳನನ್ನು ಆಕೆ ಈವರೆಗೆ ನೋಡಿರಲಿಲ್ಲ.

ಕಿತ್ತೂರಿನ ಹೆದ್ದಾರಿಯ ಪಕ್ಕ ಯಲ್ಲವ್ವನ ಖಾನಾವಳಿ. ಪದ್ಮಜಾ ತನ್ನ ಹಳೆಯ ಎಂ-ಎಯ್ಟಿ ಬೈಕನ್ನು ಲಾರಿಗಳ ಸಾಲಿನ ಕೊನೆಗೆ ನಿಲ್ಲಿಸುವಾಗ ಊಟದ ಹೊತ್ತು ಮೀರಿತ್ತು. ಒಳಗೆ ಇನ್ನೂ ರೊಟ್ಟಿ ಬಡಿಯುವ ಸಪ್ಪಳ.

“ಬರ್ರಿ ಬಾಯಾರ, ಕುಂಡ್ರರಿ. ಮಾರಿ ಬಾಡೈತಿ. ಮೊದಲ ಎರಡ ಬಿಸಿ ರೊಟ್ಟಿ ಉಣ್ರಿ,” ಎಂದಳು ಶೀತಲಳ ತಾಯಿ ಯಲ್ಲವ್ವ. ಗಂಡ ತೀರಿದ ಮೇಲೆ ದಿನಾ ದೇಗಾಂವದಿಂದ ಬಂದು ಈ ಒಲೆಯ ಮುಂದೆ ಕೂತು ಮಗಳನ್ನು ಓದಿಸಿದವಳು.

ಪದ್ಮಜಾ ಈ ತಟ್ಟೆಗೆ ಬೇಡ ಎನ್ನಲಿಲ್ಲ. ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಶೀತಲ ನೀರಿನ ಚರಿಗೆ ತಂದಿಟ್ಟು ಎದುರಿಗೆ ನಿಂತಳು. ಉಗುರು ಕಚ್ಚಿ ಕಚ್ಚಿ ಬೆರಳ ತುದಿಯೆಲ್ಲ ಕೆಂಪಾಗಿತ್ತು.

“ಗೆದ್ದಿವಿ ನೋಡವಾ,” ಎಂದಳು ಪದ್ಮಜಾ. “ಕೃಷ್ಣಾಜಿ ಒಪ್ಪಿಕೊಂಡ. ಸೋಮವಾರ ನಿನ್ನ ಸೀಟು ನಿನಗ.”

ಚಿತ್ರವನ್ನು ಮಡಿಚಿಟ್ಟುಕೊಂಡೇ ‘ನೀನು ಏನು ಬರೆದಿದ್ದೆ, ಹೇಳು’ ಎಂದು ಮೊದಲು ಕೇಳಬೇಕಿತ್ತು. ಗೆದ್ದ ಗುಂಗಿನಲ್ಲಿ ಆಕೆ ಅದನ್ನು ಮೇಜಿನ ಮೇಲೆ ಬಿಚ್ಚಿಬಿಟ್ಟಳು.

ಶೀತಲ ನೋಡಿದಳು. ಮುಖದಲ್ಲಿ ಮೂಡಿದ್ದ ನಗು ಹಾಗೇ ನಿಂತಿತು, ಆಮೇಲೆ ಇಳಿಯಿತು. ಹೆದ್ದಾರಿಯಲ್ಲಿ ಲಾರಿಯೊಂದು ಹಾರ್ನು ಬಾರಿಸುತ್ತ ಹಾದುಹೋಯಿತು.

“ಹೌದ್ರಿ,” ಎಂದಳು. “ನಂದ ಐತಿ.”

ಯಲ್ಲವ್ವ ಹಿಟ್ಟಿನ ಕೈಯನ್ನು ದೂರ ಹಿಡಿದು ಮಗಳ ಹೆಗಲ ಮೇಲಿಂದ ಇಣುಕಿದಳು. “ಅಯ್ಯ ನನ್ನವ್ವ, ಎಷ್ಟ ಚಂದ ತಗದಿ! ಯಾರ ಮನಿಬೇ ಇದು?”

ಪದ್ಮಜಾಳ ಕೈ ತಟ್ಟೆಯಲ್ಲೇ ನಿಂತಿತು. “ನಿಮ್ಮನಿ ಅಲ್ಲೇನ್ರಿ ಯಲ್ಲವ್ವಾರ?”

“ನಮ್ಮನಿ ಎಲ್ಲೈತ್ರಿ? ನಮ್ಮವು ಕಟಗಿ ಕಂಬ, ಇವು ಕಲ್ಲಿನವು. ನಮ್ಮ ಹಗೇವು ಈಕಿ ಹುಟ್ಟೂಕಿಂತ ಮೊದಲ ಮಣ್ಣ ತುಂಬಿ ಮುಚ್ಚೇವ್ರಿ. ಕಂದೀಲ ಇಳಸೂದು ಈಕಿ ನಮ್ಮನ್ಯಾಗ ಎಂದ ನೋಡ್ಯಾಳ?”

ಯಲ್ಲವ್ವ ಇದನ್ನು ಹೆಮ್ಮೆಯಿಂದಲೇ ಹೇಳಿದಳು. ಮಗಳು ಕಾಣದ್ದನ್ನೂ ಬರೆದಳಲ್ಲ ಎಂಬ ಹಿಗ್ಗು ಆಕೆಗೆ. ಇವತ್ತು ಹೆತ್ತವರೇ ಮಕ್ಕಳ ಸುಳ್ಳನ್ನು ಬಿಚ್ಚುವ ದಿನ ಎಂದು ಕಾಣುತ್ತದೆ.

“ಶೀತಲಾ,” ಎಂದಳು ಪದ್ಮಜಾ. “ಯಾರ ಮನಿ?”

ಹುಡುಗಿ ಚಿತ್ರವನ್ನು ಪದ್ಮಜಾಳ ಕಡೆಗೆ ತಿರುಗಿಸಿಟ್ಟಳು. “ಗೌರೀಶಂದ್ರಿ. ಮುನವಳ್ಳಿಯವ. ಕೃಷ್ಣಾಜಿ ಸರ್ ಕ್ಲಾಸಿನ್ಯಾಗ ನಮ್ಮ ಕೂಡ ಇದ್ದ. ಒಮ್ಮೆ ಮಧು ಒಬ್ಬನ್ನ ಬಿಟ್ಟು ಎಲ್ಲಾರೂ ಚಿತ್ರ ತಗ್ಯಾಕ ಅವರ ಮನಿಗೆ ಹೋಗಿದ್ವಿ. ಅವರವ್ವ ಹಗೇವು ತಗದು, ಹಿಂಗ ಕಂದೀಲ ಬಿಟ್ಟು ತೋರಿಸಿದ್ಲು.”

“ಅಂದ್ರ ನಿನ್ನ ಚಿತ್ರ ಬದಲಾಗೇ ಇಲ್ಲ. ನಿನಗ ಬಂದ ಅಂಕ ನಿನ್ನವ.”

“ನಂದ ಬದಲಾಗೈತಿ ಅಂತ ನಾ ಖರೇನ ತಿಳದಿದ್ನಿರಿ! ಈಗ ಇದನ್ನ ನೋಡಿದ ಮ್ಯಾಲ ಗೊತ್ತಾತು.”

“ಗೊತ್ತಾದ ಮ್ಯಾಲೂ ನಂದ ಅಂದಿ.”

ಶೀತಲ ತಲೆಯೆತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ. “ಗೌರೀಶ ಸತ್ತಾನ್ರಿ ಬಾಯಾರ. ಸತ್ತಾಂವಗ ಸೀಟ ಯಾಕ ಬೇಕು?”

ಬೆಳ್ಳಿಯ ತಟ್ಟೆಯನ್ನು ಬಿಟ್ಟು ಬಂದ ಹೇಸಿಗೆ ಈ ಸ್ಟೀಲಿನ ತಟ್ಟೆಗೂ ಹಿಂಬಾಲಿಸಿ ಬಂದಿತ್ತು. ಅಲ್ಲಿ ಹೊಟ್ಟೆ ತುಂಬಿದವರು ಕದ್ದರು. ಇಲ್ಲಿ, ತಾನು ಯಾರಿಗಾಗಿ ಬಿಸಿಲಲ್ಲಿ ಅಲೆದಳೋ ಆ ಕೂಸು ಸತ್ತವನ ಕೈಯಿಂದ ಕಸಿಯುತ್ತಿದೆ. ಒಂದು ಅಂಕಪಟ್ಟಿ ಎಷ್ಟು ಜನರನ್ನು ಹೊಲಸು ಮಾಡಬಹುದು! ಪದ್ಮಜಾ ತಟ್ಟೆಯನ್ನು ದೂಡಿದಳು.

“ಹೆಣದ ಮ್ಯಾಲಿನ ರೊಕ್ಕಾ ಆರಿಸಿಕೊಳ್ಳೂ ಮಗಳನ್ನ ನಾ ಹಡದಿಲ್ಲ,” ಎಂದಳು ಯಲ್ಲವ್ವ. ಒಲೆಯ ಮುಂದೆ ಹೋಗಿ, ಬೆನ್ನು ತಿರುಗಿಸಿ ಕೂತುಬಿಟ್ಟಳು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆಯಾಡಿತು. ಆಗ ಶೀತಲ ಅತ್ತಳು.

ಪದ್ಮಜಾ ಅವಳನ್ನು ಸಮಾಧಾನ ಮಾಡಲಿಲ್ಲ. ಮುನವಳ್ಳಿಯಲ್ಲಿ ಹುಡುಗನೊಬ್ಬ ಸತ್ತ ಸುದ್ದಿಯನ್ನು ಈ ತಿಂಗಳ ಮೊದಲಲ್ಲಿ ಪತ್ರಿಕೆಯ ಮೂಲೆಯಲ್ಲಿ ಓದಿದ ನೆನಪು ಬರುತ್ತಿತ್ತು.

“ಹೆಂಗ ಸತ್ತ?”

“ಹಗೇವಿನ್ಯಾಗರಿ. ಅಂಕ ಬಂದ ವಾರದಾಗ. ಚಿತ್ರದಾಗ ಬರೇ ಇಪ್ಪತ್ತ ಬಂದಿದ್ವಂತ ಅವಗ. ಅದು ಮಧುಂದ ಇರಬೇಕು, ಈಗ ತಿಳೀತು. ಅವರವ್ವ, ಮುತ್ತ್ಯಾ ಇಬ್ಬರೂ ಹೊಲಕ್ಕ ಹೋದಾಗ ಕಾಳ ತಗ್ಯಾಕ ಇಳದಾನ. ದೀಪ ಬಿಡದ ಹಂಗ ಇಳದ, ಗಾಳಿ ಹೊಡೀತು ಅಂದ್ರು.”

“ಯಾರು ಅಂದ್ರು?”

“ಊರ ಮಂದಿ.”

“ಊರ ಮಂದಿಗೆ ಯಾರು ಅಂದ್ರು?”

ಶೀತಲ ಓಢಣಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದವಳು ನಿಲ್ಲಿಸಿದಳು. “ಕೃಷ್ಣಾಜಿ ಸರ್. ಅವರ ಮೊದಲ ನೋಡಿದ್ದು. ಅಂಕ ಕಡಿಮಿ ಬಂದಾವ ಅಂತ ಸಮಾಧಾನ ಹೇಳಾಕ ಹೋಗಿದ್ರಂತ.”

ಪದ್ಮಜಾ ಚಿತ್ರವನ್ನು ಬೆಳಕಿಗೆ ಹಿಡಿದಳು. ಮುದುಕನನ್ನು ದೂರ ಕೂಡಿಸಿದ್ದಾನೆ. ತಾಯಿಯ ಮೈಯನ್ನು ಹಿಂದಕ್ಕೆ ವಾಲಿಸಿದ್ದಾನೆ. ಕಂದೀಲಿನ ಗಾಜಿಗೆ ಹತ್ತಿದ ಮಸಿಯನ್ನೂ ಬಿಟ್ಟಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ಕೂತು ಇಷ್ಟನ್ನೂ ನೆನಪಿಟ್ಟು ಬರೆದ ಹುಡುಗ, ಅದೇ ಹಗೇವಿಗೆ ದೀಪ ಬಿಡದೆ ಇಳಿದನಂತೆ. ಯಾರು ನಂಬಬೇಕು ಇದನ್ನು?

ಕೃಷ್ಣಾಜಿ ಯಾಕೆ ಅಷ್ಟು ಬೇಗ ಕೈ ಮುಗಿದನೆಂದು ಈಗ ತಿಳಿಯಿತು. ಸತ್ತವನ ಹೆಸರು ಬಾಯಿಗೆ ಬಾರದಿರಲೆಂದು ಬದುಕಿದವಳ ಹೆಸರನ್ನು ಮುಂದೆ ಮಾಡಿದ್ದ. ಸಣ್ಣ ಕಳ್ಳತನವನ್ನು ಒಪ್ಪಿಕೊಂಡು, ಇಪ್ಪತ್ತೇ ಅಂಕ ಯಾಕೆಂದು ಕೇಳಬಹುದಾಗಿದ್ದ ಹುಡುಗನ ಕೊಲೆಯನ್ನು ಮುಚ್ಚಿದ್ದ. ಆ ಹೆಸರನ್ನು ಬಲ್ಲವನು ಇನ್ನೊಬ್ಬನಿದ್ದ. ‘ನೀವ ಅವತ್ತ’ ಎಂದು ಬಾಯಿ ತೆರೆದವನು, ಹೆಗಲ ಮೇಲೆ ಕೈ ಬಿದ್ದೊಡನೆ ಸುಮ್ಮನಾದವನು.

“ಆ ಮನ್ಯಾಗ ಈಗ ಯಾರದಾರ?”

“ಯಾರೂ ಇಲ್ಲರಿ. ಹಗೇವಿನ ಮ್ಯಾಲ ಮತ್ತ ಹಾಸಗಲ್ಲ ಎಳದು ಅವರವ್ವ ಮುತ್ತ್ಯಾನ ಕರಕೊಂಡು ರಾಮದುರ್ಗಕ್ಕ ತವರಮನಿಗೆ ಹೋದ್ಲು.”

ಪದ್ಮಜಾ ಕೈ ಸಹ ತೊಳೆಯದೆ ಮೊಬೈಲು ತೆಗೆದಳು. ಬಸವಲಿಂಗ ಮೊದಲನೆಯ ರಿಂಗಿಗೇ ಎತ್ತಿದ. ದನಿಯಲ್ಲಿ ಹಳೆಯ ಗತ್ತು ಮರಳಿ ಬಂದಿತ್ತು.

“ಮಧು ಎಲ್ಲೆ ಇದ್ದಾನ್ರಿ?”

“ಸಿಟ್ಟಾಗಬ್ಯಾಡ್ರಿ ಬಾಯಾರ, ನಮ್ಮ ಪ್ರಯತ್ನ ನಾವ ಮಾಡಬೇಕಲ್ಲ. ಸೋಮವಾರ ಮಂಡಳಿಯವರು ಇದನ್ನ ಕೇಳಿದ್ರ ಹುಡುಗಗ ಉತ್ತರ ಬರಬೇಕು. ಸರ್ ಮನಸ ಬದಲಿಸಿ ಅಂದ್ರು, ಒಪ್ಪಿಕೊಳ್ಳೂದು ಬ್ಯಾಡ, ಹುಡುಗ ಒಮ್ಮೆ ಹಗೇವು ಕಣ್ಣೀಲೆ ನೋಡ್ಲಿ, ಒಳಗಿಳದು ನೋಡ್ಲಿ, ಅಂದ್ರ ಮರಿಯೂದಿಲ್ಲ ಅಂತ. ಕಾರಿನ್ಯಾಗ ಕರಕೊಂಡು ಹೋಗ್ಯಾರ.”

“ಯಾವ ಊರಿಗೆ?”

“ಮುನವಳ್ಳಿಗೆ. ಅಲ್ಲೊಂದ ಮನಿ ಖಾಲಿ ಬಿದ್ದೈತಂತ.”

ಎದ್ದು ನಿಂತ ಪದ್ಮಜಾಳ ಕಾಲಿಗೆ ಬೆಂಚು ತಾಗಿ ಉರುಳಿತು. ಕಿತ್ತೂರಿನಿಂದ ಮುನವಳ್ಳಿ ಆಕೆಯ ಎಂ-ಎಯ್ಟಿಗೆ ದೂರದ ಹಾದಿ. ಬೈಲಹೊಂಗಲದಿಂದ ಕಾರಿನಲ್ಲಿ ಹೋದವರು ಇಷ್ಟು ಹೊತ್ತಿಗೆ ತಲುಪಿರಬೇಕು.

“ಬಸವಲಿಂಗಪ್ಪಾರ,” ಎಂದಳು, “ಕಂದೀಲ ಒಯ್ದಾರೇನು?”

ಆ ಕಡೆ ಬಸವಲಿಂಗ ಮಗನ ಹೆಸರನ್ನು ಕೂಗುತ್ತ ಹೊರಗೆ ಓಡಿದ್ದು ಕೇಳಿಸಿತು. ಕಾಳಿನ ಮನೆತನದಲ್ಲಿ ಹುಟ್ಟಿದವನಿಗೆ ಆ ಪ್ರಶ್ನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.